ಕವಳ ಹಾಕದ ಸೋದರಮಾವ

ಬೊಂಬಾಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ನನ್ನ ಎಡಗೆನ್ನೆಗೆ ಕಿರಣದ ಕರೆಂಟು ಕೊಡುವ ಮೊದಲ ಸುತ್ತು ಮುಗಿದ ದಿನ ಡಾಕ್ಟರು, "ಇನ್ನು ಒಂದು ತಿಂಗಳು ಊರಿಗೆ ಹೋಗಿ. ಸುಟ್ಟ ಚರ್ಮ ಆರಲಿ. ಆಮೇಲೆ ಬನ್ನಿ, ಸೂಜಿ ಇಡೋಣ" ಎಂದರು. ನಾನು ಎರಡು ತಿಂಗಳು ಕೇಳಿದೆ. ಅವರು ಆಗದು ಎಂದು ತಲೆಯಾಡಿಸಿದರು. ನಾನು ಹೊನ್ನಾವರದ ದೂರ ಹೇಳಿದೆ, ಹುಬ್ಬಳ್ಳಿಯಿಂದ ಘಟ್ಟ ಇಳಿಯುವ ಬಸ್ಸಿನ ಕಷ್ಟ ಹೇಳಿದೆ, ಆ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರ ಪಕ್ಕ ಕೂರುವ ಕಷ್ಟವನ್ನೂ ಹೇಳಿದೆ. ಕೊನೆಗೆ ಒಂದೂವರೆ ತಿಂಗಳಿಗೆ ವ್ಯಾಪಾರ ಕುದುರಿತು. ಎಲ್ಲವೂ ಮರಾಠಿಯಲ್ಲಿ. ನಮ್ಮ ಜಿಲ್ಲೆ ಬೊಂಬಾಯಿ ಪ್ರಾಂತ್ಯದಲ್ಲಿದ್ದಾಗ ಶಾಲೆಯಲ್ಲಿ ಹೊಡೆದು ಕಲಿಸಿದ ಮರಾಠಿ ಅಂತೂ ಒಂದು ದಿನ ಉಪಯೋಗಕ್ಕೆ ಬಂತು. ಓದುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ: ಡಾಕ್ಟರ ಹತ್ತಿರ ಔಷಧದ ವಿಷಯದಲ್ಲಿ ಚೌಕಾಸಿ ಮಾಡಬೇಡಿ, ರಜೆಯ ವಿಷಯದಲ್ಲಿ ಮಾಡಿ. ಅವರೂ ವ್ಯವಹಾರ ಬಲ್ಲವರು, ಮೊದಲೇ ಸ್ವಲ್ಪ ಕಮ್ಮಿ ಹೇಳಿರುತ್ತಾರೆ.

ಹೊರಡುವಾಗ ಅವರು ಎರಡು ಷರತ್ತು ಹಾಕಿದರು. ಮೊದಲನೆಯದು, ಕವಳ ಮುಟ್ಟಕೂಡದು. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ಬಾಯಿಗೆ ಹಾಕುವುದಕ್ಕೆ ನಮ್ಮ ಕಡೆ ಕವಳ ಎನ್ನುತ್ತೇವೆ. ನನ್ನ ಕೆನ್ನೆಯೊಳಗೆ ಹುಣ್ಣು ಎದ್ದದ್ದು, ನಾನು ಇಪ್ಪತ್ತು ವರ್ಷ ಕವಳವನ್ನು ಒತ್ತಿಟ್ಟುಕೊಳ್ಳುತ್ತಿದ್ದ ಅದೇ ಜಾಗದಲ್ಲಿ. ಎರಡನೆಯ ಷರತ್ತು ಹೇಳುವಾಗ ಅವರು ಕನ್ನಡಕ ತೆಗೆದರು. "ಈ ರಜೆಯಲ್ಲಿ ಮೈ ಹಗುರವಾಗುತ್ತದೆ. ಗುಣವಾಯಿತು ಅಂದುಕೊಂಡು ಅಲ್ಲೇ ಉಳಿಯಬೇಡಿ. ಅರ್ಧಕ್ಕೆ ಬಿಟ್ಟರೆ ಅದು ತಿರುಗಿ ಬರುತ್ತದೆ. ಆಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ."

ಅವರು ಹೇಳಬೇಕಾಗಿಯೇ ಇರಲಿಲ್ಲ. ನನ್ನ ಪಕ್ಕದ ಮಂಚದಲ್ಲಿ ರತ್ನಾಗಿರಿಯ ಮಾವಿನಹಣ್ಣಿನ ವ್ಯಾಪಾರಿಯೊಬ್ಬನಿದ್ದ. ಹಿಂದಿನ ವರ್ಷ ಅವನಿಗೂ ಹೀಗೇ ರಜೆ ಸಿಕ್ಕಿತ್ತಂತೆ. ಊರಿಗೆ ಹೋದ, ಚೆನ್ನಾಗಿದ್ದ, ಹಂಗಾಮು ಮುಗಿಯಲಿ ಎಂದ, ಮಳೆಗಾಲ ಮುಗಿಯಲಿ ಎಂದ. ಅವನು ತಿರುಗಿ ಬಂದ ದಿನ ಡಾಕ್ಟರು ಅವನ ಬಾಯಿಗೆ ಟಾರ್ಚು ಹಾಕಿ ನೋಡಿ, ಏನೂ ಹೇಳದೆ ಟಾರ್ಚು ಆರಿಸಿದರು. ಅಷ್ಟನ್ನು ನಾನು ಕಣ್ಣಾರೆ ಕಂಡವನು. ಆದರೆ ಸೂಜಿ ಇಟ್ಟವರನ್ನೂ ಕಂಡಿದ್ದೆ. ರೇಡಿಯಂ ಎಂಬುದನ್ನು ತುಂಬಿದ ಸೂಜಿಗಳನ್ನು ಕೆನ್ನೆಯೊಳಗೇ ನೆಟ್ಟು ಕೆಲವು ದಿನ ಹಾಗೇ ಬಿಡುತ್ತಾರೆ. ಅವರ ಮಂಚದ ಹತ್ತಿರ ನರ್ಸು ಕೂಡ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದೂರದಿಂದ ತಟ್ಟೆ ತಳ್ಳಿ ಹೋಗುತ್ತಾಳೆ. ಕೆನ್ನೆಯಲ್ಲಿ ಸೂಜಿಯ ಗೊಂಚಲು ಇಟ್ಟುಕೊಂಡು, ಮಾತಿಲ್ಲದೆ ಗೋಡೆ ನೋಡುತ್ತ ಮಲಗುವುದಕ್ಕಿಂತ ಊರಿನ ಬಸ್ಸಿನ ವಾಂತಿಯೇ ವಾಸಿ ಎಂದುಕೊಂಡು ನಾನು ರೈಲು ಹತ್ತಿದೆ.

ಹೊನ್ನಾವರದಲ್ಲಿ ಇಳಿದಾಗ ಚೈತ್ರದ ಬಿಸಿಲು. ನಾನು ಕೊರಳಿಗೆ, ಕೆನ್ನೆಗೆ ಉಣ್ಣೆಯ ಮಫ್ಲರು ಸುತ್ತಿಕೊಂಡಿದ್ದೆ. ಕರೆಂಟಿನಿಂದ ಕೆನ್ನೆ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕರೆಂಟು ಕೊಡುವ ಮೊದಲು ಆ ಬದಿಯ ಹಲ್ಲುಗಳನ್ನೆಲ್ಲ ಕಿತ್ತಿದ್ದರಿಂದ ಕೆನ್ನೆ ಒಳಗೆ ಕುಸಿದಿತ್ತು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಮೇಲೆ ಉಣ್ಣೆ ಬಟ್ಟೆ ಕಾಣದೇ ಸತ್ತವರು ಎಷ್ಟೋ ಜನ. ನಾನು ಬೇಸಿಗೆಯ ನಡುಮಧ್ಯಾಹ್ನ ಮಫ್ಲರು ಸುತ್ತಿ ಪೇಟೆಯಲ್ಲಿ ನಡೆದರೂ ಯಾರೂ ಏನೂ ಕೇಳಲಿಲ್ಲ. ಬೊಂಬಾಯಿಗೆ ಹೋಗಿ ಬಂದವರು ಹೀಗೇ ಎಂದುಕೊಂಡಿರಬೇಕು.

ಕೇಳುವವರು ಮನೆಗೆ ಬಂದರು. ರೋಗಿಯನ್ನು ನೋಡಲು ಬರುವವರಷ್ಟು ಸುಖಜೀವಿಗಳು ಈ ಪ್ರಪಂಚದಲ್ಲಿಲ್ಲ. ಒಂದು ಬ್ರೆಡ್ಡು ತಂದು ಎರಡು ಚಾ ಕುಡಿದು ಹೋಗುತ್ತಾರೆ. ಆ ರೋಗದ ಹೆಸರನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, "ಆ ಹುಣ್ಣು" ಎನ್ನುತ್ತಿದ್ದರು, ಅದೂ ಬಾಗಿಲ ಕಡೆ ನೋಡಿಕೊಂಡು. ಪಕ್ಕದ ಮನೆಯವನು ನನ್ನ ಎದುರು ಕುಳಿತು, ನನ್ನದೇ ಮನೆಯ ಹರಿವಾಣದಿಂದ ಕವಳ ಮಡಿಸಿ ಬಾಯಿಗಿಟ್ಟುಕೊಂಡು, ರಸ ನುಂಗಿ, "ಕವಳ ಭಾಳ ಕೆಟ್ಟದ್ದು ಮಾರಾಯಾ" ಎಂದು ಬುದ್ಧಿ ಹೇಳಿದ. ಇನ್ನೊಬ್ಬನು ತಾನು ಬಲ್ಲ ಬೇರಿನ ಕಷಾಯಕ್ಕೆ ಯಾವ ಹುಣ್ಣೂ ನಿಲ್ಲುವುದಿಲ್ಲ ಎಂದ. ಅವನ ಕಾಲಿನ ಹುಣ್ಣಿಗೆ ಮಾತ್ರ ಅದು ಹಿಡಿಯಲಿಲ್ಲವೇನೋ, ಪಟ್ಟಿ ಕಟ್ಟಿಕೊಂಡೇ ಬಂದಿದ್ದ.

ಎಲ್ಲರೂ ಒಂದು ಮಾತನ್ನು ಮಾತ್ರ ಒಂದೇ ಬಾಯಲ್ಲಿ ಹೇಳಿದರು. "ಈಗ ಚಲೋ ಕಾಣ್ತೆ. ಮತ್ತೆ ಎಂತಕ್ಕೆ ಬೊಂಬಾಯಿ?"

ನಾನು ಚಲೋ ಇದ್ದದ್ದೂ ಹೌದು. ನೋವು ಇಳಿದಿತ್ತು, ನಿದ್ದೆ ಬರುತ್ತಿತ್ತು. ಇಲ್ಲದ್ದು ರುಚಿ ಒಂದೇ. ನಾಲಿಗೆಯನ್ನು ಬೊಂಬಾಯಿಯಲ್ಲೇ ಬಿಟ್ಟು ಬಂದ ಹಾಗಿತ್ತು. ಆ ವರ್ಷ ಅಂಕೋಲೆ ಕಡೆಯ ಈಶಾಡಿ ಮಾವು ಬುಟ್ಟಿಗಟ್ಟಲೆ ಬಂದಿತ್ತು. ಬಾಯಿಗಿಟ್ಟರೆ ಒದ್ದೆ ಹತ್ತಿ. ಬಂಗಡೆ ಸಾರು ಬಿಸಿನೀರು. ಉಪ್ಪು ಯಾವುದು ಸಕ್ಕರೆ ಯಾವುದು ಎಂದು ಡಬ್ಬಿಯ ಮುಚ್ಚಳ ನೋಡಿ ತಿಳಿಯಬೇಕಿತ್ತು. ಹೆಂಡತಿ ಗಂಜಿಗೆ ಉಪ್ಪು ಮರೆತ ದಿನ ನಾನು ಹೊಗಳಿ ಉಂಡೆನಂತೆ.

ತಿನ್ನುವ ಸುಖ ಇಲ್ಲದವನು ಬೇರೆ ಸುಖ ಹುಡುಕಿದೆ. ಶರಾವತಿಗೆ ಆಗ ಸೇತುವೆ ಇರಲಿಲ್ಲ, ಲಾಂಚಿನಲ್ಲಿ ದಾಟಬೇಕಿತ್ತು. ನಾನು ಆಚೆ ದಡದಲ್ಲಿ ಏನೂ ಕೆಲಸವಿಲ್ಲದೆ ದಾಟಿ, ಅದೇ ಲಾಂಚಿನಲ್ಲಿ ತಿರುಗಿ ಬರುತ್ತಿದ್ದೆ. ಅಳಿವೆಯಿಂದ ಬೀಸುವ ಗಾಳಿ ಮಫ್ಲರಿನೊಳಗೆ ನುಗ್ಗಿ ಸುಟ್ಟ ಕೆನ್ನೆಗೆ ತಾಗಿದರೆ, ಅಷ್ಟು ತಂಪು ಯಾವ ಮುಲಾಮಿನಲ್ಲೂ ಇರಲಿಲ್ಲ. ಕುಮಟೆಯಲ್ಲಿ ತಂಗಿಯ ಮನೆಗೆ ಹೋದರೆ ಅಲ್ಲಿಂದ ತದಡಿಯ ಬಂದರಕ್ಕೆ ಹೋಗಿ, ದೋಣಿ ಬರುವುದನ್ನು ಕಾದು, ಮೀನಿಗೆ ಚೌಕಾಸಿ ಮಾಡುತ್ತಿದ್ದೆ. ಕೊಳ್ಳುವುದಕ್ಕಲ್ಲ. ಅಲ್ಲಿಯ ಮೀನುಗಾರ ಹೆಂಗಸೊಬ್ಬಳು ಎರಡು ದಿನ ನನ್ನ ಜೊತೆ ಗುದ್ದಾಡಿ, ಮೂರನೆಯ ದಿನ ಬುಟ್ಟಿಗೆ ಮುಚ್ಚಳ ಹಾಕಿ ಸೊಂಟಕ್ಕೆ ಕೈ ಇಟ್ಟಳು.

"ಒಡೆಯಾ, ನಿಮ್ಗೆ ತಿನ್ಲಿಕ್ಕೆ ಮೀನು ಬೇಕೋ, ಜಗಳ ಆಡ್ಲಿಕ್ಕೆ ಬೇಕೋ? ಜಗಳಕ್ಕಾದ್ರೆ ನಿನ್ನೆಯ ಮೀನು ಇತ್ತು, ಅದ್ರ ಮೇಲೆ ಆಡಿ. ತಾಜಾದ್ದು ಎಂತಕ್ಕೆ ಹಾಳು ಮಾಡ್ತ್ರಿ?"

ಅಂಥವಳ ಬಾಯಿಗೆ ಸಿಕ್ಕಿ ಸೋತದ್ದು ಕೂಡ ಔಷಧವೇ. ರೋಗಿಯೆಂದು ಯಾರೂ ಜಗಳ ಆಡದೇ ಬಿಟ್ಟರೆ ಮನುಷ್ಯ ಅಲ್ಲಿಗೆ ಅರ್ಧ ಸತ್ತ.

ನನ್ನ ಕಸುಬೇ ಅದು, ದಲಾಲಿ. ಅಪ್ಪ ನನಗೆ ಬಿಟ್ಟುಹೋದದ್ದು ಒಂದು ತೂತು ಕೊಡೆ. ಉಳಿದದ್ದನ್ನೆಲ್ಲ ನಾಲಿಗೆಯಿಂದ ಕಟ್ಟಿದವನು ನಾನು. ತೆಂಗಿನಕಾಯಿ, ವೀಳ್ಯದೆಲೆ, ಹಳೆ ದೋಣಿ, ಹೊಸ ಎತ್ತು, ಯಾವುದೇ ಇರಲಿ, ಕೊಡುವವನೂ ಕೊಳ್ಳುವವನೂ ನನ್ನ ಜಗಲಿಯಲ್ಲಿ ಕುಳಿತು ಒಪ್ಪಬೇಕು. ನಮ್ಮ ಕಡೆ ಒಪ್ಪಿಗೆ ಎಂದರೆ ಮಾತಲ್ಲ, ಕವಳ. ಹರಿವಾಣ ಮುಂದೆ ಬಂದಾಗ ಎಲೆ ಎತ್ತಿ ಬಾಯಿಗಿಟ್ಟರೆ ಒಪ್ಪಿದ ಹಾಗೆ. ಬೆರಳಿನಿಂದ ಹರಿವಾಣವನ್ನು ತುಸು ಆಚೆ ತಳ್ಳಿದರೆ, ನೀವು ಹೇಳಿದ್ದು ಸಾಲದು, ಇನ್ನೂ ಮಾತಾಡಿ ಎಂದರ್ಥ. ಹೆಣ್ಣು ಗಂಡಿನ ಮಾತುಕತೆಯಲ್ಲೂ ಇದೇ. ಅಲ್ಲಿ ಇನ್ನೂ ಒಂದು ಬಿಗಿ ಇದೆ: ಬಂದವರಲ್ಲಿ ಹಿರಿಯನಾದವನು ಕವಳ ಹಾಕುವ ತನಕ ಉಳಿದವರು ಎಲೆ ಮುಟ್ಟುವಂತಿಲ್ಲ.

ಇಷ್ಟು ಹೇಳಿದ ಮೇಲೆ ಮುಂದಿನದು ಅರ್ಥವಾಗುತ್ತದೆ. ನನ್ನ ತಂಗಿಯ ಮಗಳಿಗೆ ಶಿರಾಲಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಮುರ್ಡೇಶ್ವರದ ಶಾಲೆಯಲ್ಲಿ ಮಾಸ್ತರ, ಮನೆಗೆ ಸ್ವಲ್ಪ ಗದ್ದೆ, ಹೆದ್ದಾರಿಯ ಪಕ್ಕ ಅಪ್ಪನ ಅಂಗಡಿ. ಹುಡುಗಿ ಒಪ್ಪಿದ್ದಳು, ಹುಡುಗ ಒಪ್ಪಿದ್ದ. ಹಾಗಾಗಿ ಹಿರಿಯರು ಕೂತು ಕೆಡಿಸುವುದೊಂದು ಬಾಕಿ ಇತ್ತು. ಕುಮಟೆಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ನನ್ನ ಭಾವನಿಗೆ, ಎಂದರೆ ಹುಡುಗಿಯ ಅಪ್ಪನಿಗೆ, ಎದುರಿನವರು ಏನು ಕೇಳಿದರೂ ಹೌದು ಎನ್ನುವ ಗುಣ. ತಂಗಿ ನನ್ನ ಹತ್ತಿರ ಬಂದು ಕಣ್ಣೊರೆಸಿದಳು.

"ಅಣ್ಣ, ನೀ ಹೋಗದಿದ್ರೆ ಇವ್ರು ಗಿರಣಿಯನ್ನೂ ಬರ್ಕೊಟ್ಟು ಬತ್ರು. ಗಿರಣಿ ಇವ್ರದ್ದಲ್ಲ ಅಂತ್ಲೂ ನೆನಪಿರೂದಿಲ್ಲ."

ನಾನು ಕುಣಿದುಕೊಂಡು ಒಪ್ಪಿದೆ. ಬಿಟ್ಟಿ ಲಾಂಚಿನ ಗಾಳಿ, ಜೊತೆಗೆ ಚೌಕಾಸಿ. ನನ್ನ ಒಳಗೆ ಇನ್ನೊಂದು ಲೆಕ್ಕವೂ ಇತ್ತು. ಸೋದರಮಾವ ಇಲ್ಲದೆ ನಮ್ಮಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆತರುವವರಿಲ್ಲ. ಮದುವೆಯನ್ನು ನಾನು ಬೊಂಬಾಯಿಗೆ ಹೋಗಬೇಕಾದ ವಾರಕ್ಕೇ ಇಡಿಸಿದರೆ, ಆಮೇಲೆ ಮದುಮಕ್ಕಳು ತವರಿಗೆ ಬರುವ ಮರುವಾರಿ, ಆಮೇಲೆ ಮಳೆ, ಆಮೇಲೆ ಚೌತಿ. ಸೂಜಿಗಳು ಎಲ್ಲಿಯೂ ಓಡಿಹೋಗುವುದಿಲ್ಲವಲ್ಲ. ರತ್ನಾಗಿರಿಯವನೂ ಹೀಗೇ ಅಂದುಕೊಂಡಿದ್ದ ಎಂಬುದು ನೆನಪಿತ್ತು. ಆದರೆ ಅವನು ಹಣ್ಣಿನ ವ್ಯಾಪಾರಿ, ನಾನು ದಲಾಲಿ. ಸಾವಿನ ಹತ್ತಿರವೂ ಹೆಚ್ಚು ದಿನ ಎಳೆಯಬಲ್ಲೆ ಎಂಬ ಭರವಸೆ ನನಗಿತ್ತು.

ಹೆಂಡತಿಗೆ ಇದನ್ನು ಹೇಳಲಿಲ್ಲ. ಹೇಳದಿದ್ದರೂ ಅವಳು ಮೀನು ಕೊಯ್ಯುತ್ತ, ತಲೆ ಎತ್ತದೆ ಕೇಳಿದಳು.

"ಹೌದ್ರಾ, ಮದಿ ಯಾವಾಗ ಇಡೂದು ಅಂತ ಮಾಡಿದ್ರಿ?"

"ಅದು ಅವ್ರು ಹೇಳ್ಬೇಕು."

"ಅವ್ರು ಹೇಳೂದೋ, ನೀವು ಹೇಳಿಸೂದೋ?" ಎಂದು ಬಂಗಡೆಯ ತಲೆಯನ್ನು ಪಕ್ಕಕ್ಕಿಟ್ಟಳು.

ಒಂದು ಎಚ್ಚರಿಕೆ ಮಾತ್ರ ಎಲ್ಲರೂ ಸೇರಿ ತೆಗೆದುಕೊಂಡೆವು. ಶಿರಾಲಿಯವರಿಗೆ ನನ್ನ ಹುಣ್ಣಿನ ಸುದ್ದಿ ತಿಳಿಯಕೂಡದು. ಸೋದರಮಾವನಿಗೆ ಇದ್ದರೆ ಸೊಸೆಗೆ ಬರುತ್ತದೆ, ಸೊಸೆಗೆ ಬಂದರೆ ಅವಳ ಮಕ್ಕಳಿಗೆ ಬರುತ್ತದೆ ಎಂದು ಆಗ ಓದಿದವರೂ ನಂಬುತ್ತಿದ್ದರು. ಸುದ್ದಿ ಹೊರಬಿದ್ದರೆ ಸಂಬಂಧ ಮುರಿದ ಹಾಗೆ. ಕವಳದ ಹರಿವಾಣದ ನೆನಪು ಮಾತ್ರ ಯಾರಿಗೂ ಆಗಲಿಲ್ಲ. ನನಗೂ ಆಗಲಿಲ್ಲ.

ಮೊದಲ ಸಲ ಹೋದಾಗ ಹುಡುಗನ ಅಪ್ಪ ಜಗಲಿಯಲ್ಲಿ ಚಾಪೆ ಹಾಸಿ, ಕುಡಿಯಲು ನೀರು, ಬೆಲ್ಲ ಕೊಟ್ಟರು. ದಪ್ಪ ಮನುಷ್ಯ, ಮಾತು ನಿಧಾನ. ಒಂದೊಂದಾಗಿ ಹೇಳಿದರು: ಹುಡುಗನಿಗೆ ಕೈಗಡಿಯಾರ, ಶಾಲೆಗೆ ಹೋಗಲು ಸೈಕಲ್ಲು, ಮದುವೆ ಶಿರಾಲಿಯಲ್ಲೇ, ಕುಮಟೆಯ ಜನರನ್ನು ಕರೆತರುವ ಖರ್ಚು ಹೆಣ್ಣಿನವರದ್ದು. ನನ್ನ ಭಾವ ಪ್ರತಿಯೊಂದಕ್ಕೂ ತಲೆಯಾಡಿಸಿದ. ಆಗ ಹರಿವಾಣ ಬಂತು. ಹೊನ್ನಾವರದ ಎಲೆ, ಎಳೆ ಹಸಿರು, ನನ್ನ ಕೈ ದಾಟಿಯೇ ಬಂದ ಸರಕಿರಬೇಕು. ಡಾಕ್ಟರ ಮೊದಲ ಷರತ್ತು ನೆನಪಾಯಿತು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಹಲ್ಲುನೋವು ಎಂದರೆ ಮಫ್ಲರು ಬಿಚ್ಚಿ ತೋರಿಸಿ ಎನ್ನುತ್ತಾರೆ. ನಾನು ಏನೂ ಹೇಳದೆ ಹರಿವಾಣವನ್ನು ಬೆರಳಿನಿಂದ ತುಸು ಆಚೆ ಸರಿಸಿದೆ.

ಕವಳಕ್ಕೆ ಕೈ ಚಾಚಿದ್ದ ಭಾವನ ಕೈ ಗಾಳಿಯಲ್ಲೇ ನಿಂತಿತು. ಹುಡುಗನ ಅಪ್ಪ ನನ್ನ ಮುಖ ನೋಡಿದರು. ಮುಖದಲ್ಲಿ ನೋಡಲು ಸಿಗುತ್ತಿದ್ದದ್ದು ಎರಡು ಕಣ್ಣು ಮಾತ್ರ, ಉಳಿದದ್ದು ಉಣ್ಣೆ.

"ಆತು ಬೀಗ್ರೆ," ಎಂದರು ಕೊನೆಗೆ, "ಗಡಿಯಾರದ್ದು ಅಷ್ಟು ದೊಡ್ಡ ಮಾತಲ್ಲ. ಶಾಲೆಲಿ ಗಂಟೆ ಇತ್ತಲ್ಲ."

ನಾನು ಮಾತಾಡಲಿಲ್ಲ. ಜಾಸ್ತಿ ಮಾತಾಡಿದರೆ ಒಂದು ಬದಿಯಿಂದ ಎಂಜಲು ಸುರಿಯುತ್ತಿತ್ತು. ಎದ್ದು ಕೈಮುಗಿದು ಹೊರಟೆವು. ಬಸ್ಸು ನಿಲ್ಲುವಲ್ಲಿಗೆ ಬಂದದ್ದೇ ಭಾವ ಸೊಂಟದ ಸಂಚಿ ಬಿಚ್ಚಿ ಗಬಗಬನೆ ಎಲೆ ಮಡಿಸಿ ಬಾಯಿಗೆ ತುರುಕಿಕೊಂಡ. ಆಮೇಲೆ ನನ್ನನ್ನು ನೋಡಿದ ನೋಟದಲ್ಲಿ ಭಕ್ತಿ ಇತ್ತು.

"ಭಾವ, ಇಪ್ಪತ್ತು ವರ್ಷ ವ್ಯಾಪಾರ ಮಾಡಿ ನೀವು ಕಲ್ತದ್ದು ಇದು. ಒಂದು ಮಾತಿಲ್ಲ. ಬರೀ ಬೆರಳು!"

ಡಾಕ್ಟರ ಕವಳದ ಷರತ್ತು ಅವನಿಗೆ ಗೊತ್ತಿರಲಿಲ್ಲ. ನಾನು ಅವನ ತಪ್ಪನ್ನು ತಿದ್ದಲಿಲ್ಲ. ಕಸುಬಿನ ಗುಟ್ಟು ಎಂದು ಇಂಥದ್ದನ್ನೇ ಹೇಳುವುದು.

ಎರಡನೆಯ ಸಲ ಹರಿವಾಣ ಮೊದಲೇ ಬಂತು. ಅವರೂ ಕಲಿತಿದ್ದರು, ಬಾಯಿಗೆ ಕವಳ ಬಿದ್ದರೆ ಈ ಮನುಷ್ಯ ಮೆತ್ತಗಾಗುತ್ತಾನೆ ಎಂದಿರಬೇಕು. ಹೊಗೆಸೊಪ್ಪಿನ ವಾಸನೆ ಮೂಗಿಗೆ ಹೊಡೆಯಿತು. ರುಚಿ ಸತ್ತಿದ್ದರೂ ಮೂಗು ಸತ್ತಿರಲಿಲ್ಲ. ಇಪ್ಪತ್ತು ವರ್ಷದ ಚಟ ಬಾಯಿ ತುಂಬ ನೀರು ತರಿಸಿತು. ಒಂದೇ ಒಂದು, ಹೊಗೆಸೊಪ್ಪಿಲ್ಲದೆ, ಬಲಗೆನ್ನೆಗೆ ಹಾಕಿಕೊಂಡರೆ ಬೊಂಬಾಯಿಯ ಡಾಕ್ಟರಿಗೆ ಹೇಗೆ ಗೊತ್ತಾಗುತ್ತದೆ? ಕೈ ಎಲೆಯ ತನಕ ಹೋಯಿತು. ಆಗ ಕಂಡದ್ದು ಆ ಟಾರ್ಚು, ಆರಿದ್ದು. ಕೈಯನ್ನು ಅಲ್ಲಿಂದ ಕೊಂಡುಹೋಗಿ ಹರಿವಾಣದ ಅಂಚಿಗಿಟ್ಟು ಸರಿಸಿದೆ.

ಎಲೆಯ ತನಕ ಹೋಗಿ ತಿರುಗಿದ ಆ ಕೈ ಮೊದಲ ಸಲಕ್ಕಿಂತ ಹೆಚ್ಚು ಕೆಲಸ ಮಾಡಿತು. ಹುಡುಗನ ಅಪ್ಪ ಬೆವರಿದರು. ಒಳಗೆ ಹೋದರು, ಬಂದರು. ಮದುವೆ ಕುಮಟೆಯಲ್ಲೇ ಆಗಲಿ, ತಮ್ಮ ಜನ ತಮ್ಮ ಖರ್ಚಿನಲ್ಲಿ ಬರುತ್ತಾರೆ ಎಂದರು. ಹೊನ್ನಾವರದವರು ಬೇರೆ ಕಡೆ ಇದಕ್ಕಿಂತ ಒಳ್ಳೆಯ ಸಂಬಂಧ ಇಟ್ಟುಕೊಂಡೇ ಬಂದಿದ್ದಾರೆ ಎಂದು ಅವರ ಅಂಗಡಿಯಲ್ಲಿ ಮಾತಾಯಿತಂತೆ. ನಮಗೆ ಹಾಗೊಂದು ಇರಲಿಲ್ಲ. ನಮಗಿದ್ದದ್ದು ಒಂದು ಮಫ್ಲರು.

ಬಸ್ಸಿಗೆ ಕಾಯುವಾಗ ಭಾವ ನನ್ನ ಕಾಲು ಮುಟ್ಟುವುದೊಂದು ಬಾಕಿ. ಅವನ ಸ್ಥಿತಿಯೂ ಕೆಟ್ಟಿತ್ತು. ಹಿರಿಯ ಹಾಕದೆ ತಾನು ಹಾಕುವಂತಿಲ್ಲ, ಎದುರಿಗೇ ಹರಿವಾಣ. ಆ ಹೊತ್ತು ಇಡೀ ಅವನು ಎಲೆಯನ್ನು ನೋಡುತ್ತ ಎಂಜಲು ನುಂಗುತ್ತಿದ್ದ. ಗಂಡಿನ ಕಡೆಯವರು ಅದನ್ನು ಸಿಟ್ಟು ಎಂದುಕೊಂಡರು.

ಈ ನಡುವೆ ನನ್ನ ರಜೆ ಮುಗಿಯುತ್ತ ಬಂತು. ಕೆನ್ನೆಯ ಸುಟ್ಟ ಸಿಪ್ಪೆ ಎದ್ದು ಕೆಳಗೆ ಗುಲಾಬಿ ಚರ್ಮ ಬಂದಿತ್ತು. ಎಷ್ಟು ಚೆನ್ನಾಗಿದ್ದೆ ಎಂದರೆ, ಕನ್ನಡಿ ನೋಡಿ ನಾನೇ ನನಗೆ ಗುಣವಾಯಿತೆಂದು ಹೇಳಿಕೊಂಡೆ. ಹೆಂಡತಿ ಟ್ರಂಕು ಇಳಿಸಿ ಒರೆಸಿಟ್ಟಳು. ನಾನು ಅದನ್ನು ಅಟ್ಟಕ್ಕೆ ಹಾಕಿದೆ. ಮರುದಿನ ಅದು ಪುನಃ ಕೆಳಗಿತ್ತು. ನಾವಿಬ್ಬರೂ ಟ್ರಂಕಿನ ವಿಷಯ ಒಂದು ಮಾತೂ ಆಡಲಿಲ್ಲ. ಮೂರನೆಯ ಸಲ ಶಿರಾಲಿಗೆ ಹೊರಡುವ ಬೆಳಿಗ್ಗೆ ಮಾತ್ರ ಅವಳು ಬಾಗಿಲಲ್ಲಿ ನಿಂತು ಹೇಳಿದಳು.

"ಅವ್ರ ಹತ್ರ ಗಡಿಯಾರ ಬಿಡಿಸಿದ್ರಿ, ಮದಿ ಕುಮಟೆಗೆ ತರ್ಸಿದ್ರಿ. ನನ್ನ ಹತ್ರ ಎಂತ ಬಿಡಿಸ್ಬೇಕು ಅಂತ ಇದ್ರಿ?"

ಲಾಂಚಿಗೆ ಹೊತ್ತಾಯಿತು ಎಂದೆ.

ಮೂರನೆಯ ಸಲ ನಾವು ಕೂರುವ ಮೊದಲೇ ಹುಡುಗನ ಅಪ್ಪ ಸೈಕಲ್ಲು ಬೇಡ ಎಂದುಬಿಟ್ಟರು. "ಮುರ್ಡೇಶ್ವರ ಎಂತ ದೂರ? ನಡೆದ್ರೆ ಆರೋಗ್ಯಕ್ಕೆ ಚಲೋ." ಮೂಲೆಯಲ್ಲಿ ನಿಂತಿದ್ದ ಮಾಸ್ತರ ಹುಡುಗನ ಮುಖ ಬಾಡಿತು. ಇನ್ನು ಅವರ ಹತ್ತಿರ ಬಿಟ್ಟುಕೊಡಲು ಉಳಿದದ್ದು ಹುಡುಗ ಒಬ್ಬನೇ. ನಾನು ಗಂಟಲು ಸರಿಮಾಡಿಕೊಂಡು, ಬಂದ ಕೆಲಸಕ್ಕೆ ಕೈಹಾಕಿದೆ. ನನ್ನ ರಜೆ ಮುಗಿಯುವ ವಾರದ ಒಂದು ದಿನ ಹೇಳಿ, ಅಂದೇ ಮುಹೂರ್ತ ಚೆನ್ನಾಗಿದೆ ಎಂದೆ. ಅವರು ಒಡನೆ ಒಪ್ಪಿದರು. ಹರಿವಾಣವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದರು. ಭಾವ ಚಾಪೆಯ ಮೇಲೆ ತುದಿಗಾಲಲ್ಲಿ ಕುಳಿತ.

ಈಗ ತಳ್ಳಿದರೆ ಮಾತು ಮುರಿಯುತ್ತದೆ. ಹಾಕಿದರೆ ಡಾಕ್ಟರಿಗೆ ಕೊಟ್ಟ ಮಾತು ಮುರಿಯುತ್ತದೆ. ನಾನು ಹರಿವಾಣ ನೋಡುತ್ತ ಕುಳಿತೆ.

ಒಳಗಿನಿಂದ ಟಕ್ ಟಕ್ ಎಂದು ಕುಟ್ಟುವ ಸದ್ದು ಬಂತು. ಆಮೇಲೆ ಹುಡುಗನ ಅಜ್ಜಿ ಹೊರಗೆ ಬಂದಳು. ಬಾಯಲ್ಲಿ ಒಂದೂ ಹಲ್ಲಿಲ್ಲದ ಮುದುಕಿ. ಅಂಥವರು ಎಲೆ ಅಡಿಕೆಯನ್ನು ಪುಟ್ಟ ಕಲ್ಲಿನಲ್ಲಿ ಕುಟ್ಟಿ ಉಂಡೆ ಮಾಡಿ ಹಾಕಿಕೊಳ್ಳುತ್ತಾರೆ. ಅವಳು ನನ್ನ ಎದುರಿಗೇ ಕುಕ್ಕರಿಸಿ ಕುಳಿತು, ಅಂಗೈಯಲ್ಲಿದ್ದ ಕೆಂಪು ಉಂಡೆಯನ್ನು ನನ್ನ ಬಾಯಿಯ ಹತ್ತಿರ ತಂದಳು.

"ತಮ್ಮಾ, ಅಗೀಲಿಕ್ಕೆ ಆಗೂದಿಲ್ಲ ಅಂತ ಕಾಣ್ತು. ಕುಟ್ಟಿ ತಂದೆ. ಬಾಯಿ ತೆಗಿ."

ಇದಕ್ಕೆ ಯಾವ ಬೆರಳೂ ನಡೆಯುವುದಿಲ್ಲ. ಹಿರಿಯ ಹೆಂಗಸು ಕೈಯಾರೆ ಕೊಟ್ಟದ್ದನ್ನು ತಳ್ಳಿದರೆ ಸಂಬಂಧವಲ್ಲ, ಊರೇ ಮುರಿಯುತ್ತದೆ. ನಾನು ಬಾಯಿ ಬಿಗಿಹಿಡಿದೆ. ಅವಳ ಕೈ ಅಲ್ಲೇ ಇತ್ತು. ಕೊನೆಗೆ ನನಗೆ ಉಳಿದದ್ದು ಒಂದೇ ದಾರಿ, ಅದು ಚೌಕಾಸಿಯ ದಾರಿಯಲ್ಲ. ನಾನು ಮಫ್ಲರು ಬಿಚ್ಚಿದೆ.

ಹುಡುಗನ ಅಪ್ಪ ಹಿಂದೆ ಸರಿದರು. ಭಾವ ತಲೆ ಮೇಲೆ ಕೈಯಿಟ್ಟುಕೊಂಡ. ಅಜ್ಜಿ ಮಾತ್ರ ಹತ್ತಿರ ಬಂದು, ಬೆಳಕಿಗೆ ನನ್ನ ಗಲ್ಲ ತಿರುಗಿಸಿ, ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ನೋಡಿದಳು.

"ಬೇಸಿಗೆಲಿ ಕಂಬಳಿ ಸುತ್ಕಂಡು ಬಂದಾಗ್ಲೇ ನಂಗೆ ಇದು ಚಳಿ ಅಲ್ಲ ಅಂತ ಗೊತ್ತಾಗಿತ್ತು. ನಮ್ಮನೆಯವ್ರೂ ಹೀಂಗೇ ಪಂಚೆ ತುದಿ ಕೆನ್ನೆಗೆ ಹಿಡ್ಕಂಡೇ ಓಡಾಡ್ತಿದ್ರು. ಅವ್ರಿಗೆ ಕಷಾಯ ಕೊಟ್ವಿ, ಲೇಪ ಹಚ್ಚಿದ್ವಿ. ಬೊಂಬಾಯಿ ಅಂತ ಒಂದು ಇತ್ತು ಅಂತ್ಲೇ ನಮಗೆ ಗೊತ್ತಿರ್ಲಿಲ್ಲ." ಆಮೇಲೆ ಮಗನ ಕಡೆ ತಿರುಗಿದಳು. "ಎಂತ ಹಿಂದೆ ಹಿಂದೆ ಹೋಗ್ತೆ? ನಿನ್ನ ಅಪ್ಪಂಗೂ ಇತ್ತಲ್ಲ? ಅವ್ರ ಮನೆಲೂ ಇತ್ತು, ನಮ್ಮನೆಲೂ ಇತ್ತು. ಯಾರೂ ಯಾರಿಗೂ ಮೇಲಲ್ಲ. ಸಂಬಂಧ ಸರಿ ಆತು."

"ಅಮ್ಮಾ," ಎಂದೆ.

"ಮುಗೀತಾ ಬೊಂಬಾಯಿದು?" ಎಂದು ಕೇಳಿದಳು.

"ಅರ್ಧ ಆಗಿದೆ. ಅರ್ಧ ಬಾಕಿ."

"ಯಾವಾಗ?"

ನಾನು ಮಫ್ಲರನ್ನು ಮಡಿಸತೊಡಗಿದೆ. ಜೀವಮಾನದಲ್ಲಿ ಒಂದು ಮಾತನ್ನೂ ಸರಿಯಾದ ಹೊತ್ತಿಗೆ ಆಡದ ನನ್ನ ಭಾವ ಆ ಹೊತ್ತಿಗೆ ಬಾಯಿ ಬಿಟ್ಟ. "ಈಗ ಮದಿಗೆ ಹೇಳಿದ್ರಲ್ಲ, ಅದೇ ವಾರ."

ಮುದುಕಿ ನನ್ನನ್ನು ನೋಡಿದಳು. ಇಪ್ಪತ್ತು ವರ್ಷ ಕೊಡುವವನ, ಕೊಳ್ಳುವವನ ಮುಖ ನೋಡಿ ಒಳಗಿನ ಲೆಕ್ಕ ತಿಳಿಯುತ್ತಿದ್ದವನು ನಾನು. ಇನ್ನೊಬ್ಬರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಕುಟ್ಟಿದ ಉಂಡೆಯನ್ನು ಅವಳು ತನ್ನ ಬಾಯಿಗೇ ಹಾಕಿಕೊಂಡು, ಕೈ ಸೆರಗಿಗೆ ಒರೆಸಿದಳು.

"ಕೇಳು ತಮ್ಮಾ. ಮದಿ ತುಳಸಿ ಹಬ್ಬ ಆದ್ಮೇಲೆ. ನೀ ಬೊಂಬಾಯಿ ಮುಗಿಸ್ಕಂಡು ಬಾ, ನಿನ್ನ ಸೊಸೆನ ನೀನೇ ಮಂಟಪಕ್ಕೆ ಕರ್ಕಂಡು ಬಾ. ಗಡಿಯಾರ ಬೇಡ, ಸೈಕಲ್ ಬೇಡ, ಕುಮಟೆಲೇ ಮದಿ. ನನ್ನ ಮಗ ಬಿಟ್ಟದ್ದೆಲ್ಲ ಬಿಟ್ಟದ್ದೇ."

"ಆತು. ನಾ ಬಾರದಿದ್ರೆ?" ಎಂದೆ. ಕೇಳಬಾರದಿತ್ತು. ಆದರೆ ಎದುರಿನವರು ಷರತ್ತು ಹೇಳಿದಾಗ ಅದರ ಇನ್ನೊಂದು ತುದಿಯನ್ನು ಎಳೆದು ನೋಡದೆ ಎದ್ದು ಬರುವ ಅಭ್ಯಾಸ ನನಗಿಲ್ಲ.

"ಬಾರದಿದ್ರೆ ಗಡಿಯಾರನೂ ಬೇಕು, ಸೈಕಲ್ಲೂ ಬೇಕು, ಮದಿ ಶಿರಾಲಿಲೇ," ಎಂದಳು ಮುದುಕಿ. "ಎಲ್ಲ ನಿನ್ನ ಭಾವನ ಹತ್ರ ವಸೂಲಿ ಮಾಡ್ತೆ."

ಭಾವ ನನ್ನ ತೋಳು ಹಿಡಿದುಕೊಂಡ. ಅಷ್ಟು ಪ್ರೀತಿಯಿಂದ ಅವನು ನನ್ನ ಆಯುಷ್ಯವನ್ನು ಎಂದೂ ಬಯಸಿರಲಿಲ್ಲ. ಮೂಲೆಯಲ್ಲಿದ್ದ ಮಾಸ್ತರ ಹುಡುಗ ಮಾತ್ರ ನನ್ನನ್ನು ಎರಡು ಮನಸ್ಸಿ‌ನಲ್ಲಿ ನೋಡಿದ ಹಾಗೆ ನನಗನ್ನಿಸಿತು. ಸೈಕಲ್ಲು ಅವನಿಗೆ ನಿಜಕ್ಕೂ ಬೇಕಿತ್ತು.

ಕವಳ ಇಲ್ಲದೆ ಮಾತು ಹೇಗೆ ಮುಗಿಸುವುದು? ಅಜ್ಜಿ ಒಳಗಿನಿಂದ ಬೆಲ್ಲದ ಒಂದು ಚೂರು ತಂದು ನನ್ನ ಕೈಗಿಟ್ಟಳು. ಬಲಬದಿಯಲ್ಲಿಟ್ಟು ಕರಗಿಸಿದೆ. ಮೊದಲು ಏನೂ ಇಲ್ಲ, ಎಂದಿನ ಹಾಗೆ ಮಣ್ಣು. ಆಮೇಲೆ ನಾಲಿಗೆಯ ಒಂದು ಅಂಚಿಗೆ ಏನೋ ಚುರುಕು ಮುಟ್ಟಿತು.

"ಬೆಲ್ಲ ಉಪ್ಪಾಗಿದೆ," ಎಂದೆ. "ಇದು ಅಳಿವೆ ಬದಿಯ ಕಬ್ಬಿನದ್ದು. ಉಪ್ಪು ನೀರು ನುಗ್ಗುವ ಗದ್ದೆ. ಯಾರು ಕೊಟ್ಟದ್ದು ನಿಮಗೆ? ನಿಮ್ಮ ಅಂಗಡಿಗೆ ಇಂಥದ್ದು ತೆಗೆಯಬೇಡಿ."

ಹುಡುಗನ ಅಪ್ಪನ ಮುಖ ಸಣ್ಣಗಾಯಿತು. ಅಜ್ಜಿ ಬೊಚ್ಚುಬಾಯಿ ತೆರೆದು, ಕೆಂಪು ರಸ ಸೋರುವ ಹಾಗೆ ನಕ್ಕಳು. ನಾನು ಇನ್ನೊಂದು ಚೂರು ಕೇಳಿ ತೆಗೆದುಕೊಂಡೆ. ಅದೂ ಉಪ್ಪೇ. ಅಂಥ ಕೆಟ್ಟ ಬೆಲ್ಲವನ್ನು ನಾನು ಅಷ್ಟು ಹೊತ್ತು ಬಾಯಲ್ಲಿಟ್ಟುಕೊಂಡದ್ದು ಮತ್ತೆಂದೂ ಇಲ್ಲ. ಹಿರಿಯನ ಬಾಯಿಗೆ ಏನೋ ಒಂದು ಬಿದ್ದದ್ದೇ ತಡ, ಭಾವ ಹರಿವಾಣಕ್ಕೆ ಎರಗಿ ಎರಡು ಕೆನ್ನೆಗೂ ಕವಳ ತುಂಬಿಕೊಂಡು ಕಣ್ಣು ಮುಚ್ಚಿದ.

ಮನೆಗೆ ಬಂದಾಗ ಟ್ರಂಕು ಜಗಲಿಯಲ್ಲೇ ಇತ್ತು. ನಾನು ಅದರ ಪಕ್ಕ ಕುಳಿತು ನಡೆದದ್ದನ್ನು ಹೇಳಿದೆ. ಹೆಂಡತಿ ಪೂರ್ತಿ ಕೇಳಿ, "ಅಂತೂ ಒಬ್ರು ಸಿಕ್ಕಿದ್ರು ನಿಮಗೆ" ಎಂದಳು. ಅಂದಿನ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದೆ. ಅವಳು ಬಹಳ ಹೊತ್ತು ಒಳಗಿಂದ ಬರಲಿಲ್ಲ.

ಮದುವೆ ಆದದ್ದು ಕುಮಟೆಯಲ್ಲೇ, ತುಳಸಿ ಹಬ್ಬದ ನಂತರ. ಮಾಸ್ತರ ಮುಂದಿನ ವರ್ಷ ತನ್ನದೇ ದುಡ್ಡಿನಲ್ಲಿ ಭಟ್ಕಳದಲ್ಲಿ ಸೈಕಲ್ಲು ಕೊಂಡ. ನನ್ನನ್ನು ಕೇಳದೆ ಕೊಂಡ, ಮೋಸಹೋದ. ಹಳೆ ಫ್ರೇಮಿಗೆ ಹೊಸ ಬಣ್ಣ ಬಳಿದು ಕೊಟ್ಟಿದ್ದರು. ಕೊಳ್ಳುವಾಗ ಸೀಟಿನ ಕೆಳಗೆ ಉಗುರಿನಿಂದ ಕೆರೆದು ನೋಡಿ, ಯಾವತ್ತೂ.

ಬೊಂಬಾಯಿಗೆ ಹೇಳಿದ ದಿನಕ್ಕೇ ಹೋದೆ. ಡಾಕ್ಟರಿಗೆ ಆಶ್ಚರ್ಯವಾಯಿತು. "ನೀವು ಇನ್ನೂ ಹದಿನೈದು ದಿನ ಎಳೆಯುತ್ತೀರಿ ಅಂದುಕೊಂಡಿದ್ದೆ. ಯಾರು ಕಳಿಸಿದರು?"

ಶಿರಾಲಿಯ ಒಬ್ಬಳು ಮುದುಕಿಯ ಹತ್ತಿರ ಒಂದು ಸೈಕಲ್ಲು ಉಳಿಸಬೇಕಿತ್ತು ಎಂದು ಮರಾಠಿಯಲ್ಲಿ ಹೇಳಿದೆ. ಅವರಿಗೆ ಅರ್ಥವಾದ ಹಾಗೆ ಕಾಣಲಿಲ್ಲ. ಟಾರ್ಚು ಹೊತ್ತಿಸಿ, ಬಾಯಿ ತೆರೆಯಿರಿ ಎಂದರು.

ತೆರೆದೆ.